ಕಣ್ಣಿಗೆ ಕಣ್ಣು: ತೌರಾತಿನ ಮಾತು ಕುರ್‌ಆನ್‌ಗೆ ಬಂದಾಗ ಏನಾಯಿತು?

ಓದುಗರ ಪ್ರಶ್ನೆ: ಸೌದಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕೇರಳದ ಒಬ್ಬರನ್ನು ಉಳಿಸೋಕೆ ಜನ 2024ರಲ್ಲಿ ಸುಮಾರು 34 ಕೋಟಿ ರೂಪಾಯಿ ‘ಬ್ಲಡ್ ಮನಿ’ ಒಟ್ಟು ಮಾಡಿದ ಸುದ್ದಿ ಓದಿದ್ದೆ. ಇದು ಕುರ್‌ಆನ್‌ನಲ್ಲೇ ಇರುವ ನಿಯಮವೇ? ಈ ಮಾತು ಬಂದಾಗ ನಮ್ಮ ಆಫೀಸಿನಲ್ಲಿ ಒಬ್ಬರು ‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಅನ್ನೋದು ಕುರ್‌ಆನ್‌ನ ಮಾತು’ ಅಂದರು. ಇನ್ನೊಬ್ಬರು ‘ಅಲ್ಲ, ಅದು ಬೈಬಲ್‌ನದ್ದು’ ಅಂದರು. ಯಾರು ಸರಿ? ಒಂದರಿಂದ ಇನ್ನೊಂದಕ್ಕೆ ಹೋದದ್ದಾ?

ಉತ್ತರ:

ಇಬ್ಬರೂ ಸರಿ. ಹಾಗಂತ ಕುರ್‌ಆನ್ ಈ ಮಾತನ್ನು ಸದ್ದಿಲ್ಲದೆ ಎತ್ತಿಕೊಂಡದ್ದಲ್ಲ. ಎಲ್ಲಿಂದ ಬಂತು ಅಂತ ಹೆಸರು ಹಿಡಿದೇ ಹೇಳುತ್ತದೆ. 5ನೇ ಅಧ್ಯಾಯ ‘ಅಲ್ ಮಾಯಿದ’ದ 45ನೇ ವಚನ ತೆಗೆದು ನೋಡಿ. ಅದರ ಸಾರ ಇಷ್ಟು: ತೌರಾತಿನಲ್ಲಿ ನಾವು ಅವರಿಗೆ ಹೀಗೆ ಬರೆದಿಟ್ಟೆವು, ಜೀವಕ್ಕೆ ಜೀವ, ಕಣ್ಣಿಗೆ ಕಣ್ಣು, ಮೂಗಿಗೆ ಮೂಗು, ಕಿವಿಗೆ ಕಿವಿ, ಹಲ್ಲಿಗೆ ಹಲ್ಲು, ಗಾಯಗಳಿಗೂ ಅಷ್ಟೇ ಸಮನಾದದ್ದು. ಆದರೆ ಯಾರಾದರೂ ಅದನ್ನು ದಾನವಾಗಿ ಬಿಟ್ಟುಕೊಟ್ಟರೆ ಅದು ಅವರ ಪಾಪಕ್ಕೆ ಪರಿಹಾರ.

ತೌರಾತ್ ಅಂದರೆ ಯಹೂದಿಗಳ ತೋರಾ, ಬೈಬಲ್‌ನ ಮೊದಲ ಐದು ಪುಸ್ತಕ. ಅಲ್ಲಿ ಈ ಮಾತು ಮೂರು ಕಡೆ ಬರುತ್ತದೆ: ವಿಮೋಚನಕಾಂಡ 21, ಯಾಜಕಕಾಂಡ 24, ಧರ್ಮೋಪದೇಶಕಾಂಡ 19. ಈ ಮೂರರಲ್ಲಿ ಕೊನೆಯದನ್ನು ಕುರ್‌ಆನ್ ವಚನದ ಪಕ್ಕದಲ್ಲಿಟ್ಟು ಸುಮ್ನೆ ಒಂದ್ಸಲ ಕಿವಿಯಲ್ಲಿ ಕೇಳಿ. ಹೀಬ್ರೂ: ‘ನೆಫೆಶ್ ಬೆ-ನೆಫೆಶ್, ಅಯಿನ್ ಬೆ-ಅಯಿನ್, ಶೇನ್ ಬೆ-ಶೇನ್’. ಅರಬ್ಬಿ: ‘ಅನ್ನಫ್ಸ ಬಿನ್ನಫ್ಸ್, ವಲ್ ಐನ ಬಿಲ್ ಐನ್, ವಸ್ಸಿನ್ನ ಬಿಸ್ಸಿನ್ನ್’. ಜೀವ, ಕಣ್ಣು, ಹಲ್ಲು ಮೂರೂ ಅಕ್ಕತಂಗಿ ಪದಗಳು. ನಮ್ಮ ಕಣ್ಣು, ತಮಿಳಿನ ಕಣ್, ತೆಲುಗಿನ ಕನ್ನು ಇದ್ದ ಹಾಗೆ. ನಡುವೆ ಬರುವ ‘ಬೆ’ ಮತ್ತು ‘ಬಿ’ ಕೂಡ ಒಂದೇ. ‘ಇಷ್ಟಕ್ಕೆ ಇಷ್ಟು’ ಅಂತ ವ್ಯಾಪಾರದಲ್ಲಿ ಬೆಲೆ ಹೇಳುವಾಗ ಬರುವ ಪ್ರತ್ಯಯ ಅದು. ನಮ್ಮ ‘ಕಣ್ಣಿಗೆ’ಯ ‘ಗೆ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಪಟ್ಟಿ ಮಾತ್ರ ಪೂರ್ತಿ ಹೊಂದುವುದಿಲ್ಲ. ಬೈಬಲ್‌ನ ಕೈ, ಕಾಲು, ಸುಟ್ಟ ಗಾಯ ಕುರ್‌ಆನ್‌ನಲ್ಲಿಲ್ಲ. ಕುರ್‌ಆನ್‌ನ ಮೂಗು, ಕಿವಿ ಬೈಬಲ್‌ನ ಪಟ್ಟಿಯಲ್ಲಿಲ್ಲ. ಪುಸ್ತಕ ಎದುರಿಗಿಟ್ಟು ನಕಲು ಮಾಡಿದ್ದಲ್ಲ ಅನ್ನುವುದಕ್ಕೆ ಇಷ್ಟು ಸಾಕು. ಪ್ರವಾದಿ ಮುಹಮ್ಮದರು ಇದ್ದ ಮದೀನಾದಲ್ಲಿ ಯಹೂದಿಗಳೂ ಅರಬ್ಬರೂ ಅಕ್ಕಪಕ್ಕದಲ್ಲೇ ಬದುಕುತ್ತಿದ್ದರು. ಇಂಥ ಮಾತು ಬಾಯಿಂದ ಬಾಯಿಗೆ ಓಡಾಡುತ್ತಿತ್ತು. ನನಗೆ ಮುಖ್ಯ ಅನ್ನಿಸುವುದು ಪಟ್ಟಿಯಲ್ಲ, ಪಟ್ಟಿ ಮುಗಿದ ಮೇಲೆ ಬರುವ ‘ಆದರೆ’. ಅದು ಬೈಬಲ್‌ನ ಮೂರೂ ಜಾಗದಲ್ಲಿ ಇಲ್ಲ. ಅದಕ್ಕೆ ಬರುತ್ತೇನೆ. ಮೊದಲು ಎರಡು ಪದ ನೋಡೋಣ.

ಇದಕ್ಕೆ ಕುರ್‌ಆನ್ ಬಳಸುವ ಪದ ‘ಕಿಸಾಸ್’. ‘ಸೇಡು’ ಅಂತ ಅನುವಾದ ಮಾಡಿಬಿಟ್ಟರೆ ಅರ್ಥ ಕೆಡುತ್ತದೆ. ಸೇಡಿಗೆ ಅರಬ್ಬಿಯಲ್ಲಿ ಬೇರೆಯೇ ಪದ ಇದೆ, ‘ಸಅರ್’. ಕಿಸಾಸ್‌ನ ಮೂಲ ಅರ್ಥ ಹೆಜ್ಜೆ ಜಾಡು ಹಿಡಿದು ಹೋಗುವುದು. ಮಗು ಮೂಸಾನನ್ನು (ಬೈಬಲ್‌ನ ಮೋಶೆ) ನದಿಯಲ್ಲಿ ತೇಲಿಬಿಟ್ಟ ತಾಯಿ ಮಗಳಿಗೆ ‘ಅವನ ಹಿಂದೆಯೇ ಹೋಗು’ ಅನ್ನುತ್ತಾಳೆ, 28ನೇ ಅಧ್ಯಾಯದಲ್ಲಿ. ಅಲ್ಲಿರುವುದು ಇದೇ ಧಾತು. ಕಥೆ ಅನ್ನುವ ಅರ್ಥದ ‘ಕಿಸ್ಸಾ’ ಕೂಡ ಇದೇ ಮನೆಯದು, ನಡೆದದ್ದರ ಜಾಡು ಹಿಡಿದು ಹೇಳುವುದು. ಅಂದರೆ ಕಿಸಾಸ್ ಅಂದರೆ ಅಪರಾಧಿ ಎಲ್ಲಿ ಹೆಜ್ಜೆ ಇಟ್ಟನೋ ಅಲ್ಲಿಗೇ ಹೆಜ್ಜೆ ಇಡುವುದು. ಅವನು ನಿಂತ ಕಡೆ ನಾವೂ ನಿಲ್ಲಬೇಕು, ಅದನ್ನು ದಾಟಿ ಒಂದು ಹೆಜ್ಜೆಯೂ ಹೋಗುವ ಹಾಗಿಲ್ಲ.

ಕನ್ನಡದಲ್ಲಿ ಹತ್ತಿರ ಬರುವ ಪದ ಹುಡುಕಿದರೆ ನನಗೆ ಹೊಳೆಯುವುದು ‘ಮುಯ್ಯಿ’. ಮುಯ್ಯಿ ತೀರಿಸಿಕೊಂಡ ಅಂದರೆ ಸೇಡು. ಮದುವೆ ಮನೆಯಲ್ಲಿ ಮುಯ್ಯಿ ಅಂದರೆ ಅದೇ ಲೆಕ್ಕದ ಇನ್ನೊಂದು ಮುಖ: ಅವರು ನಮ್ಮ ಮನೆ ಮದುವೆಗೆ ಐನೂರು ಬರೆಸಿದ್ದರು, ನಾವೂ ಐನೂರಕ್ಕೆ ಕಡಿಮೆ ಬರೆಸೋ ಹಾಗಿಲ್ಲ. ಎರಡರಲ್ಲೂ ಪುಸ್ತಕ ತೆಗೆದು ಸರಿ ನೋಡುವ ಮನಸ್ಸು ಒಂದೇ. ಕನ್ನಡ ಬೈಬಲ್‌ನಲ್ಲೂ ಈ ಪದ ಬರುತ್ತದೆ.

ಈ ‘ದಾಟಬಾರದು’ ಅನ್ನುವುದು ಯಾಕೆ ಬೇಕಾಯಿತು ಅಂತ ತಿಳಿಯೋಕೆ ಇಸ್ಲಾಮಿಗಿಂತ ಮುಂಚಿನ ಅರಬ್ಬರ ಒಂದು ಕಥೆ ಕೇಳಿ. ಬಸೂಸ್ ಯುದ್ಧ. ತಗ್ಲಿಬ್ ಕುಲದ ಮುಖ್ಯಸ್ಥ ಕುಲೈಬ್ ಒಂದು ಹೆಣ್ಣೊಂಟೆಗೆ ಬಾಣ ಬಿಟ್ಟ. ಅದು ಬಕ್ರ್ ಕುಲದವರ ಆಶ್ರಯದಲ್ಲಿದ್ದ ಒಂಟೆ. ಬಕ್ರ್‌ನ ಜಸ್ಸಾಸ್ ಕುಲೈಬನನ್ನು ಕೊಂದ. ಇಬ್ಬರೂ ಭಾವ ಮೈದುನ ಬೇರೆ. ಕುಲೈಬನ ತಮ್ಮ ಮುಹಲ್ಹಿಲ್ ಸೇಡಿಗೆ ಇಳಿದ. ನಲವತ್ತು ವರ್ಷ ಎಳೆಯಿತು ಅಂತ ಹಳೆಯ ಕಥೆಗಾರರು ಹೇಳುತ್ತಾರೆ. ನಡುವೆ ಒಂದು ಘಟನೆ ಬರುತ್ತದೆ. ಜಗಳದಿಂದ ದೂರ ಉಳಿದಿದ್ದ ಹಾರಿಸ್ ಬಿನ್ ಉಬಾದ್ ಅನ್ನುವ ಹಿರಿಯನ ಮಗ ಬುಜೈರ್‌ನನ್ನು ಮುಹಲ್ಹಿಲ್ ಕೊಂದ. ‘ಹೋಗಲಿ, ಎರಡು ಕುಲಗಳ ಜಗಳ ಇವನ ರಕ್ತದಿಂದ ತಣ್ಣಗಾದರೆ ಸಾಕು’ ಅಂದ ತಂದೆ. ಆಗ ಯಾರೋ ಹೇಳಿದರು: ಹಾಗಲ್ಲ, ಕೊಲ್ಲುವಾಗ ಅವನು ‘ಇದು ಕುಲೈಬನ ಚಪ್ಪಲಿಯ ಬಾರಿಗೆ ಸಮ’ ಅಂದ. ಒಬ್ಬ ಮಗನ ಜೀವ ಇನ್ನೊಬ್ಬನ ಚಪ್ಪಲಿ ಬಾರಿಗೆ! ಹಾರಿಸ್ ಕೂಡ ಯುದ್ಧಕ್ಕೆ ಇಳಿದ.

ಈ ಕಥೆಯಲ್ಲಿ ಎಷ್ಟು ಇತಿಹಾಸ, ಎಷ್ಟು ಕಟ್ಟುಕಥೆ ಅನ್ನುವುದು ಪಕ್ಕಕ್ಕಿರಲಿ. ಲೆಕ್ಕ ಹೇಗೆ ನಡೆಯುತ್ತಿತ್ತು ಅನ್ನುವುದು ಇದರಲ್ಲಿ ಕಾಣುತ್ತದೆ. ದೊಡ್ಡ ಮನೆಯ ಒಂದು ಜೀವಕ್ಕೆ ಸಣ್ಣ ಮನೆಯ ಹತ್ತು ಜೀವ. ಕುರ್‌ಆನ್ 2:178ರಲ್ಲಿ ‘ಸ್ವತಂತ್ರನಿಗೆ ಸ್ವತಂತ್ರ, ಗುಲಾಮನಿಗೆ ಗುಲಾಮ, ಹೆಣ್ಣಿಗೆ ಹೆಣ್ಣು’ ಅನ್ನುವ ಸಾಲು ಇದೆ. ಇವತ್ತು ಓದಿದರೆ ಚುಚ್ಚುತ್ತದೆ, ಅಲ್ವಾ? ಹಳೆಯ ವ್ಯಾಖ್ಯಾನಕಾರರು ಇದರ ಹಿನ್ನೆಲೆ ಹೀಗೆ ಹೇಳುತ್ತಾರೆ: ‘ನಮ್ಮ ಗುಲಾಮನಿಗೆ ನಿಮ್ಮ ಸ್ವತಂತ್ರನನ್ನು, ನಮ್ಮ ಹೆಣ್ಣಿಗೆ ನಿಮ್ಮ ಗಂಡನ್ನು ಕೊಲ್ಲುತ್ತೇವೆ’ ಅಂತ ಹಟ ಹಿಡಿದ ಕುಲಗಳಿಗೆ ಹೇಳಿದ ಮಾತಿದು. ಕೊಂದವನನ್ನೇ ಹಿಡಿಯಿರಿ, ಅವನ ಮನೆಯ ಇನ್ನೊಬ್ಬನನ್ನಲ್ಲ ಅಂತ. 17:33 ಇನ್ನೂ ನೇರ. ಕೊಲೆಯಾದವನ ವಾರಸುದಾರನಿಗೆ ಅಧಿಕಾರ ಕೊಟ್ಟಿದ್ದೇವೆ, ಆದರೆ ಅವನು ಕೊಲ್ಲುವುದರಲ್ಲಿ ಮಿತಿ ಮೀರದಿರಲಿ. ಪ್ರವಾದಿ ಮುಹಮ್ಮದರು 632ರಲ್ಲಿ, ತಮ್ಮ ಕೊನೆಯ ಹಜ್‌ನ ಭಾಷಣದಲ್ಲಿ ಹಳೆಯ ಕಾಲದ ರಕ್ತದ ಬಾಕಿಗಳನ್ನೆಲ್ಲ ರದ್ದು ಮಾಡಿದರು. ಮೊದಲು ರದ್ದು ಮಾಡಿದ್ದು ಸ್ವಂತ ಮನೆಯದನ್ನೇ. ಹುದೈಲ್ ಕುಲದವರು ಕೊಂದಿದ್ದ, ತಮ್ಮ ದೊಡ್ಡಪ್ಪನ ಮಗ ರಬೀಆನ ಎಳೆಯ ಮಗುವಿನ ರಕ್ತ ಅದು.

ತೌರಾತಿನ ಕಾಲದಲ್ಲೂ ಕಥೆ ಬೇರೆಯೇನಲ್ಲ. ಆದಿಕಾಂಡದಲ್ಲಿ, ತಮ್ಮನನ್ನು ಕೊಂದ ಕಾಯಿನನ ವಂಶದ ಲೆಮೆಕ ತನ್ನ ಹೆಂಡತಿಯರ ಮುಂದೆ ಕೊಚ್ಚಿಕೊಳ್ಳುತ್ತಾನೆ: ಕಾಯಿನನಿಗಾಗಿ ಏಳು ಪಟ್ಟು ಮುಯ್ಯಿ ಆದರೆ ನನಗಾಗಿ ಎಪ್ಪತ್ತೇಳು ಪಟ್ಟು. ಎಪ್ಪತ್ತೇಳರ ಪಕ್ಕದಲ್ಲಿ ‘ಒಂದಕ್ಕೆ ಒಂದೇ’ ಇಟ್ಟು ನೋಡಿದರೆ ಕಣ್ಣಿಗೆ ಕಣ್ಣು ಕಡಿವಾಣವಾಗಿ ಕಾಣುತ್ತದೆ. ಇನ್ನೂ ಹಿಂದೆ ಹೋದರೆ ಬಾಬಿಲೋನಿಯಾದ ದೊರೆ ಹಮ್ಮುರಾಬಿ ಇದ್ದಾನೆ, ಸುಮಾರು ಕ್ರಿ.ಪೂ. 1750. ಅವನ ಕಲ್ಲಿನ ಶಾಸನ 1901ರಲ್ಲಿ ಸಿಕ್ಕಿತು. ಅಲ್ಲೂ ಕಣ್ಣಿಗೆ ಕಣ್ಣು ಇದೆ, ಆದರೆ ಸಮಾನರ ನಡುವೆ ಮಾತ್ರ. ಕೆಳಗಿನ ದರ್ಜೆಯವನ ಕಣ್ಣು ಹೋದರೆ ಒಂದು ಮಿನಾ (ಆ ಕಾಲದ ತೂಕದ ಅಳತೆ) ಬೆಳ್ಳಿ ಕೊಟ್ಟರೆ ಮುಗಿಯಿತು. ಮೇಸ್ತ್ರಿ ಕಟ್ಟಿದ ಮನೆ ಕುಸಿದು ಯಜಮಾನನ ಮಗ ಸತ್ತರೆ ಮೇಸ್ತ್ರಿಯ ಮಗನನ್ನು ಕೊಲ್ಲಬೇಕು ಅಂತಲೂ ಇದೆ. ಮೇಸ್ತ್ರಿಯನ್ನಲ್ಲ, ಅವನ ಮಗನನ್ನು.

ಇದನ್ನು ತೌರಾತ್ ಒಪ್ಪುವುದಿಲ್ಲ. ಮಕ್ಕಳ ತಪ್ಪಿಗೆ ತಂದೆಯನ್ನೂ ತಂದೆಯ ತಪ್ಪಿಗೆ ಮಕ್ಕಳನ್ನೂ ಕೊಲ್ಲಬಾರದು ಅನ್ನುತ್ತದೆ ಧರ್ಮೋಪದೇಶಕಾಂಡ 24:16. ಕುರ್‌ಆನ್ 53ನೇ ಅಧ್ಯಾಯದಲ್ಲಿ ‘ಮೂಸಾನ ಗ್ರಂಥದಲ್ಲೂ ಇಬ್ರಾಹೀಮನ ಗ್ರಂಥದಲ್ಲೂ ಇರುವುದನ್ನು ಅವನು ಕೇಳಿಲ್ಲವೇ’ ಅಂತ ಶುರು ಮಾಡಿ ‘ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ’ ಅನ್ನುತ್ತದೆ. ಇಲ್ಲೂ ಹಳೆಯ ಗ್ರಂಥದ ಹೆಸರು ಹೇಳಿಯೇ ಮುಂದೆ ಹೋಗುತ್ತದೆ ನೋಡಿ. ಅಂದಹಾಗೆ, ಮೊದಲು ಜನ ಕಣ್ಣು ಕೀಳುತ್ತಿದ್ದರು, ಆಮೇಲೆ ನಾಗರಿಕರಾಗಿ ಹಣ ಕೊಟ್ಟರು ಅಂತ ಸುಮಾರು ಜನ ನಂಬಿದ್ದಾರೆ. ಹಮ್ಮುರಾಬಿಗಿಂತ ಹಳೆಯದಾದ, ಸುಮೇರಿಯಾದ ದೊರೆ ಉರ್-ನಮ್ಮುವಿನ ಕಾನೂನಿನಲ್ಲಿ ಕಣ್ಣಿಗೆ ಇರುವುದು ಬೆಳ್ಳಿ ದಂಡ. ಹಣವೇ ಹಳೆಯದು!

ಈಗ ನಿಮ್ಮ ‘ಬ್ಲಡ್ ಮನಿ’. ಅರಬ್ಬಿಯಲ್ಲಿ ಅದು ‘ದಿಯತ್’. ಹೌದು, ಕುರ್‌ಆನ್‌ನಲ್ಲೇ ಇದೆ. 4:92ರಲ್ಲಿ ಕೈತಪ್ಪಿ ಕೊಂದವನು ಸತ್ತವನ ಮನೆಯವರಿಗೆ ದಿಯತ್ ಕೊಡಬೇಕು, ಅವರೇ ಬಿಟ್ಟುಕೊಟ್ಟರೆ ಬೇರೆ ಮಾತು. ಬೇಕೆಂದೇ ಕೊಂದಾಗಲೂ 2:178ರ ಪ್ರಕಾರ ‘ಅವನ ಸಹೋದರನ ಕಡೆಯಿಂದ’ ಏನಾದರೂ ಮನ್ನಾ ಆದರೆ, ಒಬ್ಬರು ನ್ಯಾಯವಾಗಿ ಕೇಳಬೇಕು, ಇನ್ನೊಬ್ಬರು ಚೆನ್ನಾಗಿ ಸಲ್ಲಿಸಬೇಕು. ಕೊಂದವನನ್ನೂ ಕಳೆದುಕೊಂಡವನನ್ನೂ ಆ ಜಾಗದಲ್ಲಿ ಸಹೋದರರು ಅಂದದ್ದು ಸುಮ್ಮನೆ ಬಂದ ಪದವಲ್ಲ. ಮುಂದಿನ ಸಾಲು: ಇದು ನಿಮ್ಮ ಪ್ರಭುವಿನ ಕಡೆಯಿಂದ ಹಗುರ ಮಾಡಿದ್ದು. ಸಾಂಪ್ರದಾಯಿಕವಾಗಿ ಒಂದು ಜೀವದ ದಿಯತ್ ನೂರು ಒಂಟೆ.

ಹಗುರ ಮಾಡಿದ್ದು ಅಂದರೆ ಯಾವುದರಿಂದ? ಪ್ರವಾದಿಯ ಬಂಧು, ವ್ಯಾಖ್ಯಾನದಲ್ಲಿ ದೊಡ್ಡ ಹೆಸರು ಇಬ್ನ್ ಅಬ್ಬಾಸ್ ಹೇಳಿದ್ದು ಬುಖಾರಿಯ ಹದೀಸ್ (ಪ್ರವಾದಿಯ ಮಾತು, ನಡೆಗಳ ವರದಿ) ಸಂಗ್ರಹದಲ್ಲಿದೆ: ಇಸ್ರಾಯೀಲ್ ಸಂತತಿಯಲ್ಲಿ ಕಿಸಾಸ್ ಇತ್ತು, ದಿಯತ್ ಇರಲಿಲ್ಲ. ಕೊಲೆಯ ವಿಷಯದಲ್ಲಿ ಈ ಮಾತು ಬೈಬಲ್‌ಗೆ ಸರಿಯಾಗಿ ಹೊಂದುತ್ತದೆ. ಅರಣ್ಯಕಾಂಡ 35:31 ಖಡಾಖಂಡಿತ: ಕೊಲೆಗಾರನ ಪ್ರಾಣಕ್ಕೆ ಬದಲಾಗಿ ‘ಕೋಫೆರ್’ ತೆಗೆದುಕೊಳ್ಳಬಾರದು. ಕಾರಣ ಎರಡು ವಚನ ಆಚೆ ಸಿಗುತ್ತದೆ. ರಕ್ತ ನೆಲವನ್ನು ಅಪವಿತ್ರ ಮಾಡುತ್ತದೆ, ಸುರಿಸಿದವನ ರಕ್ತದಿಂದಲ್ಲದೆ ನೆಲಕ್ಕೆ ಪರಿಹಾರ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಇಡೀ ಉತ್ತರದಲ್ಲಿ ನಾನು ಹೇಳಬೇಕಾದ ಮಾತು ಇದೊಂದೇ. ಆ ರಕ್ತದ ಬಾಕಿ ಯಾರಿಗೆ ಸೇರಿದ್ದು? ಅರಣ್ಯಕಾಂಡದ ಪ್ರಕಾರ ನೆಲಕ್ಕೆ, ಆ ನೆಲದಲ್ಲಿ ವಾಸಿಸುವ ದೇವರಿಗೆ. ಸತ್ತವನ ಹತ್ತಿರದ ನೆಂಟ ಮುಯ್ಯಿ ತೀರಿಸುವವನಾಗಿ ಬರುತ್ತಾನೆ, ನಿಜ. ಕೈತಪ್ಪಿ ಕೊಂದವನು ಅವನಿಂದ ತಪ್ಪಿಸಿಕೊಳ್ಳೋಕೆ ಆರು ಆಶ್ರಯನಗರಗಳೂ ಇವೆ, ಹೆಬ್ರೋನ್, ಶೆಕೆಮ್ ಅಂಥವು. ಆದರೆ ‘ಹೋಗಲಿ ಬಿಡಿ’ ಅನ್ನುವ ಹಕ್ಕು ಆ ನೆಂಟನಿಗಿಲ್ಲ. ಬಾಕಿ ಅವನದಲ್ಲವಲ್ಲ, ಬಿಡೋಕೆ ಅವನ್ಯಾರು? ಕುರ್‌ಆನ್ ಬಾಕಿಯನ್ನು ಸತ್ತವನ ಮನೆಯವರ ಕೈಗೆ ಕೊಡುತ್ತದೆ. ಅವರ ಬಾಕಿ ಆದ ಮೇಲೆ ವಸೂಲಿ ಮಾಡೋದು, ಹಣಕ್ಕೆ ಒಪ್ಪೋದು, ಪೂರ್ತಿ ಬಿಡೋದು ಎಲ್ಲ ಅವರಿಗೆ ಬಿಟ್ಟದ್ದು. ಕೊಂದವನು ದೇವರಿಗೆ ಉತ್ತರ ಕೊಡಬೇಕಾದದ್ದು ಬೇರೆ, ಅದಕ್ಕೆ 4:93ರಲ್ಲಿ ನರಕದ ಎಚ್ಚರಿಕೆಯೇ ಇದೆ.

ಈ ತಿರುವು ಒಂದೇ ಒಂದು ಧಾತುವಿನಲ್ಲಿ ಕಾಣುತ್ತದೆ. ಹೀಬ್ರೂ ‘ಕೋಫೆರ್’ ಅಂದರೆ ಜೀವ ಬಿಡಿಸಿಕೊಳ್ಳುವ ಹಣ. ಯೋಮ್ ಕಿಪ್ಪೂರ್ ಹಬ್ಬದ ‘ಕಿಪ್ಪೂರ್’, ಅಂದರೆ ಪಾಪಪರಿಹಾರ, ಅದರ ಜೊತೆಯದು. ಕುರ್‌ಆನ್ 5:45ರ ಕೊನೆಗೆ ಬರುವ ಅರಬ್ಬಿ ಪದ ‘ಕಫ್ಫಾರ’. ಅದೇ ಧಾತು, ಅದೇ ಪರಿಹಾರ. ಅರಣ್ಯಕಾಂಡದಲ್ಲಿ ಕೊಂದವನು ಕೋಫೆರ್ ಹಿಡಿದು ಬಂದರೆ ಬಾಗಿಲು ಮುಚ್ಚಿದೆ. ಕುರ್‌ಆನ್‌ನಲ್ಲಿ ಪೆಟ್ಟು ತಿಂದವನೇ ತನ್ನ ಹಕ್ಕನ್ನು ದಾನ ಮಾಡಿದರೆ ಅದು ಅವನಿಗೆ ಕಫ್ಫಾರ. ‘ಅವನಿಗೆ’ ಅಂದರೆ ಪೆಟ್ಟು ತಿಂದವನಿಗೋ, ಕೊಟ್ಟವನಿಗೋ ಅಂತ ವ್ಯಾಖ್ಯಾನಕಾರರಲ್ಲಿ ಚರ್ಚೆ ಇದೆ. ಹೆಚ್ಚಿನವರು ಪೆಟ್ಟು ತಿಂದವನ ಕಡೆಗೇ ವಾಲಿದ್ದಾರೆ. ಕ್ಷಮಿಸಿದವನ ಪಾಪ ಅಷ್ಟು ಕಳೆಯಿತು ಅಂತ.

ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. ಮದೀನಾದಲ್ಲಿ ರುಬಯ್ಯಿಅ್ ಅನ್ನುವ ಹೆಂಗಸು ಒಬ್ಬ ಹುಡುಗಿಯ ಮುಂದಿನ ಹಲ್ಲು ಮುರಿದಳು. ಪ್ರವಾದಿಯ ಸೇವೆಯಲ್ಲಿದ್ದ ಅನಸ್ ಬಿನ್ ಮಾಲಿಕ್‌ಗೆ ಆಕೆ ಸೋದರತ್ತೆ. ರುಬಯ್ಯಿಅ್‌ನ ಮನೆಯವರು ಕ್ಷಮೆ ಕೇಳಿದರು, ಹಣ ಕೊಡುತ್ತೇವೆ ಅಂದರು. ಹುಡುಗಿಯ ಮನೆಯವರು ಬೇಡ, ಹಲ್ಲೇ ಬೇಕು ಅಂದರು. ಪ್ರವಾದಿ ಕಿಸಾಸ್ ಅಂದರು. ರುಬಯ್ಯಿಅ್‌ನ ಅಣ್ಣತಮ್ಮಂದಿರಲ್ಲಿ ಒಬ್ಬರು ಎದ್ದು, ‘ಅವಳ ಹಲ್ಲು ಮುರಿಯೋದಾ? ದೇವರಾಣೆ, ಆಗೋದಿಲ್ಲ’ ಅಂದೇಬಿಟ್ಟರು. ‘ದೇವರ ಕಟ್ಟಳೆ ಕಿಸಾಸ್’ ಅನ್ನುವುದು ಪ್ರವಾದಿಯ ಉತ್ತರ. ಅಷ್ಟರಲ್ಲಿ ಹುಡುಗಿಯ ಮನೆಯವರ ಮನಸ್ಸು ಕರಗಿ ಒಪ್ಪಿಕೊಂಡರು. ದೇವರ ಮೇಲೆ ಆಣೆ ಇಟ್ಟರೆ ದೇವರೇ ನಡೆಸಿಕೊಡುವಂಥ ಜನ ಇದ್ದಾರೆ ಅಂದರಂತೆ ಪ್ರವಾದಿ. ಕಟ್ಟಳೆಯನ್ನು ಅವರು ಸಡಿಲ ಮಾಡಲಿಲ್ಲ, ಬಿಡುವ ಹಕ್ಕು ಇದ್ದವರು ಬಿಟ್ಟರು.

ಹಾಗಾದರೆ ಯಹೂದಿಗಳು ಕಣ್ಣು ಕೀಳುತ್ತಾ ಕೂತಿದ್ದರಾ? ಇಲ್ಲವೇ ಇಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ರೂಪುಗೊಂಡ ಮಿಶ್ನಾ ಅನ್ನುವ ಯಹೂದಿ ಕಾನೂನು ಸಂಗ್ರಹ ಇದೆ. ಅದರಲ್ಲಿ ಗಾಯ ಮಾಡಿದವನು ಐದು ಬಾಬ್ತು ಹಣ ಕಟ್ಟಬೇಕು: ಅಂಗನಷ್ಟ, ನೋವು, ಔಷಧಿ ಖರ್ಚು, ಕೆಲಸ ಹೋದ ದಿನಗಳು, ಅವಮಾನ. ಲೆಕ್ಕ ಹಾಕುವ ರೀತಿ ನೋಡಿ. ಕಣ್ಣು ಹೋದವನನ್ನು ಸಂತೆಯಲ್ಲಿ ಮಾರೋಕೆ ನಿಲ್ಲಿಸಿದ ಗುಲಾಮ ಅಂತ ಇಟ್ಟುಕೊಳ್ಳಿ. ಕಣ್ಣಿದ್ದಾಗ ಎಷ್ಟಕ್ಕೆ ಹೋಗುತ್ತಿದ್ದ, ಈಗ ಎಷ್ಟಕ್ಕೆ ಹೋಗುತ್ತಾನೆ, ಆ ವ್ಯತ್ಯಾಸ ಅಂಗನಷ್ಟ. ಕೆಲಸ ಹೋದ ದಿನಗಳಿಗೆ ಸೌತೆಕಾಯಿ ಹೊಲ ಕಾಯುವವನ ಕೂಲಿ ಲೆಕ್ಕ, ಕೈಕಾಲಿನ ಬೆಲೆ ಆಗಲೇ ಕೊಟ್ಟಾಗಿದೆಯಲ್ಲ. ಇವತ್ತಿನ ಮೋಟಾರು ಅಪಘಾತದ ಪರಿಹಾರ ಕೇಸು ನೋಡಿದವರಿಗೆ ಇದು ತೀರಾ ಹೊಸದು ಅನ್ನಿಸಲಿಕ್ಕಿಲ್ಲ. ಆಮೇಲಿನ ತಾಲ್ಮೂದ್ (ಮಿಶ್ನಾದ ಮೇಲಿನ ಚರ್ಚೆಗಳ ಸಂಗ್ರಹ) ಪಂಡಿತರು ಇದಕ್ಕೆ ವಾದವನ್ನೂ ಕೊಟ್ಟರು. ಕುರುಡನೇ ಇನ್ನೊಬ್ಬನ ಕಣ್ಣು ಕಳೆದರೆ ಏನು ಕೀಳುತ್ತೀರಿ? ಎಲ್ಲರಿಗೂ ಒಂದೇ ಕಾನೂನು ಅಂದಮೇಲೆ ಅದು ಹಣವೇ ಇರಬೇಕು. ಕೊಲೆಗೆ ಮಾತ್ರ ಅರಣ್ಯಕಾಂಡದ ಬೀಗ ತೆಗೆಯಲಿಲ್ಲ.

ಮದೀನಾದ ಯಹೂದಿ ಕುಲಗಳ ನಡುವೆ ಬೇರೆಯೇ ಸಮಸ್ಯೆ ಇತ್ತು ಅಂತ ಅಬೂ ದಾವೂದ್ ಅವರ ಹದೀಸ್ ಸಂಗ್ರಹದ ಒಂದು ವರದಿ ಹೇಳುತ್ತದೆ. ನದೀರ್ ಕುಲ ಮೇಲು, ಕುರೈಝಾ ಕುಲ ಕೀಳು. ಕುರೈಝಾದವನು ನದೀರ್‌ನವನನ್ನು ಕೊಂದರೆ ಜೀವಕ್ಕೆ ಜೀವ. ನದೀರ್‌ನವನು ಕುರೈಝಾದವನನ್ನು ಕೊಂದರೆ ನೂರು ವಸ್ಕ್ ಖರ್ಜೂರ, ಅಂದರೆ ಸುಮಾರು ನೂರು ಒಂಟೆ ಹೊರೆ. ‘ಜೀವಕ್ಕೆ ಜೀವ ಅಂತ ನಿಮ್ಮದೇ ಗ್ರಂಥದಲ್ಲಿ ಬರೆದಿದೆಯಲ್ಲ’ ಅನ್ನುವ 5:45ರ ದನಿ ಈ ಹಿನ್ನೆಲೆಯಲ್ಲಿ ಸರಿಯಾಗಿ ಕೇಳುತ್ತದೆ. ಆ ವರದಿ ಮುಸ್ಲಿಮರ ಕಡೆಯದು ಅನ್ನುವುದು ನೆನಪಿರಲಿ. ಆದರೂ ಚಪ್ಪಲಿ ಬಾರಿನ ಕಥೆಗೂ ಇದಕ್ಕೂ ದೂರ ಜಾಸ್ತಿ ಇಲ್ಲ.

ಅದೇ ಅಧ್ಯಾಯದ 32ನೇ ವಚನ ನೀವು ವಾಟ್ಸಾಪ್‌ನಲ್ಲಿ ನೋಡಿಯೇ ಇರುತ್ತೀರಿ: ಒಂದು ಜೀವ ಕೊಂದವನು ಇಡೀ ಮನುಕುಲವನ್ನೇ ಕೊಂದ ಹಾಗೆ, ಒಂದು ಜೀವ ಉಳಿಸಿದವನು ಮನುಕುಲವನ್ನೇ ಉಳಿಸಿದ ಹಾಗೆ. ಅಲ್ಲೂ ‘ಇಸ್ರಾಯೀಲ್ ಸಂತತಿಗೆ ಹೀಗೆ ಬರೆದಿಟ್ಟೆವು’ ಅಂತಲೇ ಶುರು. ತೋರಾದ ಐದು ಪುಸ್ತಕ ತಿರುವಿದರೆ ಈ ಸಾಲು ಸಿಗುವುದಿಲ್ಲ. ಸಿಗುವುದು ಮಿಶ್ನಾದಲ್ಲಿ. ಮರಣದಂಡನೆಯ ಕೇಸಿನಲ್ಲಿ ಸಾಕ್ಷಿಗಳನ್ನು ಒಳಗೆ ಕರೆದು ಹೆದರಿಸುವ ಮಾತು ಅದು: ಹಣದ ಕೇಸಲ್ಲಿ ತಪ್ಪಾದರೆ ಹಣ ಕೊಟ್ಟು ಸರಿ ಮಾಡಬಹುದು, ಇಲ್ಲಿ ಅವನ ರಕ್ತ, ಅವನಿಗೆ ಹುಟ್ಟಬೇಕಾಗಿದ್ದವರ ರಕ್ತ ಎರಡೂ ನಿಮ್ಮ ತಲೆಗೆ. ಆದಿಕಾಂಡದಲ್ಲಿ ಅಣ್ಣ ಕಾಯಿನನಿಂದ ಕೊಲೆಯಾದ ಹೇಬೆಲನ ‘ರಕ್ತ’ ಅನ್ನುವ ಪದ ಹೀಬ್ರೂನಲ್ಲಿ ಬಹುವಚನ, ‘ರಕ್ತಗಳು’. ಆ ಬಹುವಚನ ಹಿಡಿದೇ ಮಿಶ್ನಾ ಈ ಮಾತಿಗೆ ಬರುತ್ತದೆ. ಕುರ್‌ಆನ್‌ನಲ್ಲಿ ಬಹುವಚನದ ಚರ್ಚೆ ಇಲ್ಲ, ಆದರೆ ವಚನ ಬರುವುದು ಸರಿಯಾಗಿ ಆದಮನ ಇಬ್ಬರು ಮಕ್ಕಳ (ಇದೇ ಕಾಯಿನ, ಹೇಬೆಲರ) ಕಥೆ ಮುಗಿದ ತಕ್ಷಣ. ಜರ್ಮನಿಯ ಯಹೂದಿ ವಿದ್ವಾಂಸ ಅಬ್ರಹಾಂ ಗೈಗರ್ 1833ರಲ್ಲೇ ಇದನ್ನು ತೋರಿಸಿದ್ದ. ಕುರ್‌ಆನ್‌ಗೆ ಕಿವಿಯಲ್ಲಿದ್ದದ್ದು ಬರೀ ಬರೆದ ಬೈಬಲ್ ಅಲ್ಲ, ಯಹೂದಿಗಳು ಅದನ್ನು ಓದುತ್ತಿದ್ದ ರೀತಿಯೂ ಹೌದು. ವಾಟ್ಸಾಪ್‌ನವರು ಸಾಮಾನ್ಯವಾಗಿ ‘ಕೊಲೆಗೆ ಪ್ರತಿಯಾಗಿ ಅಥವಾ ನೆಲದಲ್ಲಿ ಹಾವಳಿ ಮಾಡಿದ್ದಕ್ಕಾಗಿ ಅಲ್ಲದೆ’ ಅನ್ನುವ ನಡುವಿನ ತುಂಡನ್ನು ಬಿಡುತ್ತಾರೆ. ಅದನ್ನೂ ಸೇರಿಸಿ ಓದಿ.

ತೌರಾತಿನ ಕಾನೂನು ಅಂತ ಹೇಳಿದ್ದು ಮುಸ್ಲಿಮರಿಗೂ ಕಾನೂನೇ? ಇದು ಬರೀ ಪಂಡಿತರ ಜಗಳವಲ್ಲ, ಒಬ್ಬನ ತಲೆ ಉಳಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆ. ರದ್ದಾಗಿಲ್ಲದಿದ್ದರೆ ಹಿಂದಿನವರ ಕಾನೂನು ನಮಗೂ ಅನ್ವಯ ಅನ್ನುತ್ತಾರೆ ಹನಫಿಗಳು, ಇಸ್ಲಾಮಿನ ಕಾನೂನು ಪಂಥಗಳಲ್ಲಿ ಒಂದರವರು. ‘ಜೀವಕ್ಕೆ ಜೀವ’ ಅಂದಮೇಲೆ ಜೀವ ಜೀವವೇ. ಹಾಗಾಗಿ ತಮ್ಮ ರಕ್ಷಣೆಯಲ್ಲಿರುವ ಯಹೂದಿಯನ್ನೋ ಕ್ರೈಸ್ತನನ್ನೋ ಕೊಂದ ಮುಸ್ಲಿಮನಿಗೂ ಮರಣದಂಡನೆ. ಗುಲಾಮನನ್ನು ಕೊಂದ ಸ್ವತಂತ್ರನಿಗೂ ಅಷ್ಟೇ, ಗುಲಾಮ ಅವನ ಸ್ವಂತದವನಾಗಿಲ್ಲದಿದ್ದರೆ. ಇನ್ನೊಂದು ಪಂಥದವರಾದ ಶಾಫಿಗಳು ಒಪ್ಪುವುದಿಲ್ಲ. ಮುಸ್ಲಿಮೇತರನಿಗಾಗಿ ಮುಸ್ಲಿಮನನ್ನು ಕೊಲ್ಲುವ ಹಾಗಿಲ್ಲ ಅನ್ನುವ ಹದೀಸ್ ಅವರ ಆಧಾರ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿಗಳು, ಘಟ್ಟದ ಮೇಲಿನವರು ಹೆಚ್ಚಾಗಿ ಹನಫಿಗಳು. ನಮಾಜಿನ ರೀತಿಯಲ್ಲಿ ಅವರ ವ್ಯತ್ಯಾಸ ಎಲ್ಲರಿಗೂ ಗೊತ್ತು. ಬೈಬಲ್‌ನ ಒಂದು ವಾಕ್ಯಕ್ಕೆ ಎಷ್ಟು ತೂಕ ಅನ್ನುವುದರಲ್ಲೂ ಆ ಎರಡು ಪಂಥ ಬೇರೆಯಾಗುತ್ತವೆ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ನನ್ನ ಮಟ್ಟಿಗೆ ಇಲ್ಲಿ ಹನಫಿಗಳ ವಾದವೇ ಗಟ್ಟಿ.

ಯೇಸುವಿನ ಮಾತು ಬಿಟ್ಟರೆ ಉತ್ತರ ಅರ್ಧ. ಮತ್ತಾಯ 5ರಲ್ಲಿ ‘ಕಣ್ಣಿಗೆ ಕಣ್ಣು ಅಂತ ಹೇಳಿದ್ದನ್ನು ಕೇಳಿದ್ದೀರಿ’ ಅಂತ ಶುರು ಮಾಡಿ, ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತಿರುಗಿಸು ಅನ್ನುತ್ತಾರೆ. ಬಲಗೆನ್ನೆಯೇ ಯಾಕೆ? ಎದುರು ನಿಂತವನು ಬಲಗೈಯಿಂದ ಬಲಗೆನ್ನೆಗೆ ಹೊಡೆಯಬೇಕಾದರೆ ಮುಂಗೈ ಹಿಂಬದಿಯಿಂದಲೇ ಬೀಸಬೇಕು. ಮಿಶ್ನಾದಲ್ಲಿ ಕಪಾಳಕ್ಕೆ 200 ಝೂಝ್ (ಬೆಳ್ಳಿ ನಾಣ್ಯ) ದಂಡ, ಕೈ ಹಿಂಬದಿಯಿಂದ ಹೊಡೆದರೆ 400, ಅವಮಾನ ಜಾಸ್ತಿ ಅಂತ. ಯೇಸು ಬಿಡು ಅಂದದ್ದು ಆ ಅವಮಾನದ ಬಾಬ್ತನ್ನು ಅಂತ ಹಲವರು ಓದುತ್ತಾರೆ. ನನಗೂ ಅದು ಸರಿ ಅನ್ನಿಸುತ್ತದೆ. ತೌರಾತ್ ಬರೀ ನ್ಯಾಯ, ಇಂಜೀಲ್ (ಯೇಸುವಿನ ಸುವಾರ್ತೆ) ಬರೀ ಕ್ಷಮೆ, ಕುರ್‌ಆನ್ ಎರಡರ ನಡುವಿನ ಹದ ಅಂತ ಹಳೆಯ ಮುಸ್ಲಿಂ ವ್ಯಾಖ್ಯಾನಕಾರರು ಹೇಳುತ್ತಾ ಬಂದಿದ್ದಾರೆ. ಕ್ರೈಸ್ತರು ‘ಹಳೆ ಒಡಂಬಡಿಕೆ ಸೇಡು, ಹೊಸದು ಪ್ರೀತಿ’ ಅನ್ನುತ್ತಾರೆ. ಇವೆಲ್ಲ ಅವರವರ ಮನೆ ಹೊಗಳಿಕೆ. ಸೌತೆಕಾಯಿ ಹೊಲದ ಲೆಕ್ಕ ಹಾಕಿದವರನ್ನು ಬರೀ ಸೇಡಿನವರು ಅನ್ನೋಕಾಗುತ್ತಾ?

ಬಾಕಿ ಮನೆಯವರದ್ದು ಅನ್ನುವ ಕುರ್‌ಆನ್‌ನ ದಾರಿಗೂ ಅದರದೇ ಕಷ್ಟ ಇದೆ. ಪಾಕಿಸ್ತಾನ 1990ರಲ್ಲಿ ಕಿಸಾಸ್, ದಿಯತ್ ಕಾನೂನು ತಂದಿತು. ‘ಮರ್ಯಾದೆ’ ಹೆಸರಲ್ಲಿ ಅಣ್ಣ ತಂಗಿಯನ್ನು ಕೊಲ್ಲುತ್ತಾನೆ, ವಾರಸುದಾರನಾದ ಅಪ್ಪ ಕ್ಷಮಿಸುತ್ತಾನೆ, ಕೇಸು ಮುಗಿಯಿತು. ಇದನ್ನು ತಡೆಯೋಕೆ 2016ರಲ್ಲಿ ತಿದ್ದುಪಡಿ ಬೇಕಾಯಿತು. ದುಡ್ಡಿದ್ದವನು ಕೊಟ್ಟು ಹೊರಗೆ, ಇಲ್ಲದವನು ಒಳಗೆ ಅನ್ನುವುದೂ ಸುಳ್ಳಲ್ಲ. ಹೆಣ್ಣಿನ ದಿಯತ್ ಗಂಡಿನ ಅರ್ಧ ಅಂತ ಹಳೆಯ ಪಂಥಗಳು ಹೇಳಿದ್ದಕ್ಕೆ ಕುರ್‌ಆನ್‌ನಲ್ಲಿ ನೇರ ವಚನ ಇಲ್ಲ. ನಮ್ಮಲ್ಲಿ 1790ರ ದಶಕದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಬಂಗಾಳದ ಕೋರ್ಟುಗಳಲ್ಲಿ ವಾರಸುದಾರರ ಕ್ಷಮಿಸುವ ಹಕ್ಕನ್ನು ತೆಗೆದುಹಾಕಿದ. ಇವತ್ತಿಗೂ ನಮ್ಮ ಕೋರ್ಟಿನಲ್ಲಿ ಸಣ್ಣ ಹೊಡೆದಾಟಕ್ಕೆ ರಾಜಿ ಇದೆ, ಕೊಲೆಗೆ ಇಲ್ಲ.

ಇನ್ನೊಂದು ಮುಖವೂ ಇದೆ. ಇರಾನ್‌ನಲ್ಲಿ 2004ರಲ್ಲಿ ಮದುವೆಗೆ ಒಪ್ಪದ ಹುಡುಗಿಯ ಮುಖಕ್ಕೆ ಒಬ್ಬ ಆಸಿಡ್ ಎರಚಿದ. ಎರಡೂ ಕಣ್ಣು ಹೋದವು. ಕೋರ್ಟು ಕಣ್ಣಿಗೆ ಕಣ್ಣು ಅಂದಿತು. ವರ್ಷಗಟ್ಟಲೆ ಅದನ್ನೇ ಕೇಳುತ್ತಿದ್ದವಳು ಆಕೆಯೇ. 2011ರ ಜುಲೈನಲ್ಲಿ ಆಸ್ಪತ್ರೆಯಲ್ಲಿ ಎಲ್ಲ ಸಿದ್ಧವಾಗಿದ್ದಾಗ ಬೇಡ, ಕ್ಷಮಿಸಿದ್ದೇನೆ ಅಂದಳು. ಹಾಗೆ ಅನ್ನುವ ಅಧಿಕಾರ ಆ ಕೋಣೆಯಲ್ಲಿ ಇದ್ದದ್ದು ಅವಳೊಬ್ಬಳಿಗೇ.

ಕೊನೆಗೆ ನಿಮ್ಮ 34 ಕೋಟಿಯ ಸುದ್ದಿ. ಹಣಕ್ಕೆ ಆ ಮನೆಯವರು ಒಪ್ಪಿದರು, 2024ರ ಜುಲೈನಲ್ಲಿ ಮರಣದಂಡನೆ ರದ್ದಾಯಿತು. ಆದರೂ ಬಿಡುಗಡೆ ಆಗಲಿಲ್ಲ. ‘ಸಾರ್ವಜನಿಕ ಹಕ್ಕು’ ಅನ್ನುವ ಬಾಬ್ತು ಬಾಕಿ ಇದೆ ಅಂತ ಕೋರ್ಟು ಮುಂದೂಡುತ್ತಾ ಹೋಗಿ, 2025ರಲ್ಲಿ ಒಳಗೆ ಕಳೆದ ವರ್ಷಗಳೂ ಸೇರಿ 20 ವರ್ಷ ಜೈಲು ಅಂದಿತು. ಹಳೆಯ ಮಾಲಿಕಿ ಪಂಥದಲ್ಲೂ ಇಂಥದ್ದೊಂದಿದೆ: ಮನೆಯವರು ಕ್ಷಮಿಸಿದರೂ ಕೊಲೆಗಾರನಿಗೆ ನೂರು ಛಡಿಯೇಟು, ಒಂದು ವರ್ಷ ಸೆರೆ. ರಕ್ತದ ಬಾಕಿ ಬರೀ ಮನೆಯವರದ್ದಲ್ಲ ಅಂತ ಅರಣ್ಯಕಾಂಡ ಹೇಳಿದ್ದು, ರಿಯಾದ್‌ನ ಕೋರ್ಟಿಗೆ ಇನ್ನೊಂದು ಬಾಗಿಲಿಂದ ಬಂದು ಕೂತಿದೆ.